ಅಕ್ಟೋಬರ್ 1ರ ಸಂಜಿ ಕ್ಲಾನ್ಸಿ ನೆನಪಿನ ಓದು ಇಟ್ಕೊಳ್ಳೂದು ಹೆಂಗ: ಹಾರ ಬ್ಯಾಡ, ಮೈಕ್ ಬ್ಯಾಡ, ಹರದ ಪುಸ್ತಕ ಒಂದಿದ್ರ ಸಾಕು

ಹೋದ ವರ್ಷ ಸಪ್ಟೆಂಬರ್ ಕೊನಿಗೆ ನಮ್ಮ ಅಕ್ಕನ ಮಗನಿಗೆ ಫೋನ್ ಹಚ್ಚಿ, ಬುಧವಾರ ಟಾಮ್ ಕ್ಲಾನ್ಸಿ ನೆನಪಿಗೆ ಮನ್ಯಾಗ ಓದು ಇಟ್ಕೊಂಡೇವಿ ನೀನೂ ಬಾರೋ ಅಂದ್ನಿ, ಅದಕ್ಕ ಹುಡುಗ, "ಮಾಮಾ, ಟಾಮ್ ಕ್ಲಾನ್ಸಿ ಅಂದ್ರ ಗೇಮ್ ಕಂಪನಿ ಹೆಸರಲ್ಲೇನು? ಮನಶ್ಯಾ ಇದ್ನಾ ಅಂವ?" ಅಂತ ಕೇಳಿದ. ಇದ್ದ, ಸಬ್‌ಮರೀನ್, ಯುದ್ಧದ ಕಾದಂಬರಿ ಬರದ ಅಮೆರಿಕಾದ ಲೇಖಕ ಅಂವ, ಖರೇ ಹುಡುಗಂದೂ ತಪ್ಪಿಲ್ಲ ಬಿಡ್ರಿ. ಆ ಗೇಮಿನ ಕಂಪನಿ ರೆಡ್ ಸ್ಟಾರ್ಮ್ ಅಂತ 1996ರಾಗ ಕ್ಲಾನ್ಸಿನ ಕೂಡಿ ಶುರು ಮಾಡಿದ್ದು, 2000ದಾಗ ಯೂಬಿಸಾಫ್ಟ್ ಅನ್ನೂ ದೊಡ್ಡ ಗೇಮ್ ಕಂಪನಿಯವರು ತಗೊಂಡ್ರು, 2008ರಾಗ ಗೇಮಿಗೆ ಆ ಹೆಸರು ಹಾಕ್ಕೊಳ್ಳೂ ಹಕ್ಕನ್ನೂ ಖರೀದಿ ಮಾಡಿದ್ರು. ಹಿಂಗಾಗಿ ಈಗಿನ ಹುಡುಗೂರಿಗೆ ಅದು ಡಬ್ಬಿ ಮ್ಯಾಲಿನ ಹೆಸರು ಅಷ್ಟ. ನಮಗ ಹಂಗಲ್ಲ, ನಾವು ಕಾಲೇಜಿನ್ಯಾಗಿದ್ದಾಗ ಒಂದ ಪುಸ್ತಕ ನಾಕು ಮಂದಿ ಹಂಚ್ಕೊಂಡು ಓದಿದವರು.

ಮಂದಿ ಆವಾಗಾವಾಗ ಕೇಳ್ತಾರ, ನಮ್ಮ ಕಡೆನೂ ಹಿಂಗ ಒಂದು ಸಂಜಿ ಮಾಡಬೇಕಾಗೇತಿ ಹೆಂಗ ಮಾಡೂದ್ರಿ ಅಂತ. ಬಾಗಲಕೋಟಿಯಿಂದ ಒಬ್ರು ಕೇಳಿದ್ರು, ವಿಜಯಪುರದಾಗ ಸೈನಿಕ ಶಾಲಿ ಕಲ್ತವರೊಬ್ರು ಕೇಳಿದ್ರು. ಅದಕ್ಕ ಒಮ್ಮೆ ಪೂರಾ ಬರದು ಇಡ್ತೀನಿ. ನಾವು ಬೆಳಗಾವ್ಯಾಗ ಮಾಡೂ ರೀತಿ ಇದು, ನೀವು ನಿಮ್ಮ ಊರಿಗೆ ತಕ್ಕಂಗ ಬದಲಿ ಮಾಡ್ಕೋರಿ.

ಮೊದಲ ತಾರೀಖು. ಅವರು ತೀರ್ಕೊಂಡಿದ್ದು 2013 ಅಕ್ಟೋಬರ್ 1ಕ್ಕ, ಬಾಲ್ಟಿಮೋರ್ ಊರಾಗ, ವಯಸ್ಸು 66. ಹುಟ್ಟಿದ್ದೂ ಅದ ಊರಾಗ, 1947 ಏಪ್ರಿಲ್ 12. ಹುಟ್ಟುಹಬ್ಬ ಮಾಡಿದ್ರ ಆಗಲ್ಲೇನು ಅಂದ್ರ ಆಗತೈತಿ, ಖರೇ ಏಪ್ರಿಲ್‌ನ್ಯಾಗ ಪರೀಕ್ಷಾ, ಮದವಿ, ಬಿಸಲು, ಯಾರೂ ಬರಂಗಿಲ್ಲ. ಅಕ್ಟೋಬರ್ 1 ಆದ್ರ ಮರುದಿನ ಗಾಂಧಿ ಜಯಂತಿ ಸೂಟಿ, ರಾತ್ರಿ ಹತ್ತರ ತನಕ ಕುಂತ್ರೂ ಯಾರೂ ವಾಚ್ ನೋಡಂಗಿಲ್ಲ. ಬಂದೂಕು ಟಾರ್ಪೆಡೊ ಪುಸ್ತಕ ರಾತ್ರಿ ಓದಿ ಮುಂಜಾನಿ ಗಾಂಧಿ ಜಯಂತಿ, ಅದೂ 1924ರಾಗ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಕುಂತ ಊರಾಗ! ನಮ್ಮ ಗುಂಪಿನ ಒಬ್ಬ ದೋಸ್ತ ಇದನ್ನ ಪ್ರತಿ ವರ್ಷ ಹೇಳಿ ಪ್ರತಿ ವರ್ಷ ತಾನ ನಗತಾನ. ಇನ್ನೊಂದು, ಅಕ್ಟೋಬರ್ ಮೊದಲ ವಾರದಾಗ ಒಮ್ಮೊಮ್ಮೆ ನವರಾತ್ರಿ ಬಿದ್ದಿರತೈತಿ, ಹಂಗಿದ್ರ ನಸುಕಿನ್ಯಾಗ ದುರ್ಗಾಮಾತಾ ದೌಡ್‌ಗೆ ಓಡೂ ಹುಡುಗೂರು ಲಗೂ ಮಲಗಬೇಕು, ಎಂಟೂವರಿಗೆ ಮುಗಸ್ರಿ, ಉಪವಾಸದವರು ಇದ್ರ ಚುರುಮುರಿ ಬದಲಿ ಸಾಬುದಾಣಿ ಖಿಚಡಿ.

ಈಗ ಮಾಡಬಾರದ್ದು ಏನು ಅಂತ ಮೊದಲ ಹೇಳ್ತೀನಿ, ಯಾಕಂದ್ರ ಅದನ್ನ ನಾವು ಮಾಡೇವಿ. ಮೊದಲನೇ ವರ್ಷ ಉಮೇದಿ ಭಾಳ ಇತ್ತು, ಒಂದು ಸಣ್ಣ ಹಾಲ್ ಬಾಡಗಿ ಹಿಡದು, ಫೋಟೊ ಫ್ರೇಮ್ ಮಾಡಿಸಿ, ಚೆಂಡ್ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಒಬ್ಬ ದೊಡ್ಡ ಮನಶ್ಯಾನ್ನ ಮುಖ್ಯ ಅತಿಥಿ ಅಂತ ಕರದು ಕುಂಡ್ರಿಸಿದ್ವಿ. ಅವರು ನಲವತ್ತು ನಿಮಿಷ ಮಾತಾಡಿದ್ರು, ಅದರಾಗ ಕ್ಲಾನ್ಸಿ ಹೆಸರು ಎರಡು ಸಲ ಬಂತು, ಎರಡೂ ಸಲ ತಪ್ಪ. ಒಂದು ಸಲ ಅವರನ್ನ ನಿವೃತ್ತ ಜನರಲ್ ಮಾಡಿದ್ರು. ಹಿಂದ ಕುಂತ ಹುಡುಗೂರು ಒಬ್ಬೊಬ್ರ ಎದ್ದು ಹೋದ್ರು. ಒಂದ ಒಂದು ಸಾಲು ಪುಸ್ತಕದ್ದು ಓದಲಿಲ್ಲ ಅವತ್ತು. ಹಾಲಿನ ಬಾಡಗಿ ಮಾತ್ರ ನೆಟ್ಟಗ ಕೊಟ್ಟು ಬಂದ್ವಿ. ಅದಕ್ಕ ಹಾಲ್ ಬ್ಯಾಡ, ಸ್ಟೇಜ್ ಬ್ಯಾಡ, ಅತಿಥಿ ಬ್ಯಾಡ. ಮನಿ ಪಡಸಾಲಿ ಸಾಕು, ಮಳಿ ಇಲ್ಲಂದ್ರ ಮಾಳಗಿ ಮ್ಯಾಲ, ಎಂಟರಿಂದ ಹನ್ನೆರಡು ಮಂದಿ. ಹದಿನೈದು ದಾಟಿತಂದ್ರ ಅದು ಸಭಾ ಆಗಿಬಿಡತೈತಿ, ಸಭಾ ಅಂದ್ರ ಭಾಷಣ ಬಂದ ಬರತೈತಿ.

ಮತ್ತ ಅಂವ ಜನರಲ್ ಅಲ್ಲ, ಸಿಪಾಯಿನೂ ಅಲ್ಲ, ಇದು ಎಲ್ಲಾರಿಗೂ ತಿಳೀಬೇಕು, ಶುರುವಿನ್ಯಾಗ ಐದು ನಿಮಿಷ ಇದನ್ನ ಹೇಳ್ರಿ, ಇದಕ್ಕಿಂತ ಹೆಚ್ಚಿಗೆ ಜೀವನಚರಿತ್ರಿ ಬ್ಯಾಡ. ದೃಷ್ಟಿ ಭಾಳ ಕಡಿಮಿ ಅಂತ ಫೌಜಿಗೆ ತಗೋಲಿಲ್ಲ ಅವರನ್ನ. ಇಂಗ್ಲಿಷ್ ಸಾಹಿತ್ಯ ಓದಿ 1969ಕ್ಕ ಡಿಗ್ರಿ ಮುಗಿಸಿ, ಆಮ್ಯಾಗ ಮೇರಿಲ್ಯಾಂಡಿನ ಒಂದು ಸಣ್ಣ ಊರಾಗ ಇನ್ಶೂರೆನ್ಸ್ ಏಜೆಂಟ್. ನಮ್ಮ ಓಣ್ಯಾಗ ಸ್ಕೂಟರ್ ಮ್ಯಾಲ ಬ್ಯಾಗ್ ಸಿಗಿಸ್ಕೊಂಡು ಪಾಲಿಸಿ ಮಾಡಸ್ರಿ ಅಂತ ಬರೂ ಅಣ್ಣಾವ್ರು ಇರ್ತಾರಲ್ಲ, ಆ ಥರದ ಕೆಲಸ. ಆ ಕೆಲಸ ಮಾಡಕೋತನ ಬಿಡುವಿನ್ಯಾಗ ಸಬ್‌ಮರೀನ್ ಕಾದಂಬರಿ ಬರದು, ಅಮೆರಿಕಾದ ನೌಕಾಪಡೆಗೆ ಸಂಬಂಧಪಟ್ಟ ಪುಸ್ತಕ ಹಾಕೂ ನೇವಲ್ ಇನ್‌ಸ್ಟಿಟ್ಯೂಟ್ ಪ್ರೆಸ್‌ನವರಿಗೆ ಕೊಟ್ರು. ಅವರು ಅಲ್ಲಿತನಕ ಹೊಸಾ ಕಾದಂಬರಿ ಅಂತ ಹಾಕಿದ್ದ ಇರಲಿಲ್ಲ. 5,000 ಡಾಲರ್ ಕೊಟ್ಟು ತಗೊಂಡ್ರು. 1984ರಾಗ ಬಂತು 'ದಿ ಹಂಟ್ ಫಾರ್ ರೆಡ್ ಅಕ್ಟೋಬರ್'. ಪ್ರೆಸಿಡೆಂಟ್ ರೇಗನ್ ಓದಿ ಹೊಗಳಿದ್ರು, ಅಲ್ಲಿಂದ ಮುಂದಿಂದು ಎಲ್ಲಾರಿಗೂ ಗೊತ್ತು. ಇಷ್ಟೆಲ್ಲಾ ಗುಟ್ಟು ಈ ಏಜೆಂಟಿಗೆ ಹೆಂಗ ಸಿಕ್ತು ಅಂತ ಮಂದಿಗೆ ಸಂಶಯ, ಅವರು ಹೇಳ್ತಿದ್ದಿದ್ದು ಒಂದ, ಎಲ್ಲಾ ಅಂಗಡ್ಯಾಗ ಸಿಗೂ ಪುಸ್ತಕ, ಪತ್ರಿಕಾ ಓದಿ ಕೂಡಿಸಿದ್ದು ಅಂತ. ನನಗ ಅವರಲ್ಲಿ ಹಿಡಿಸಿದ್ದು ಇದ ಮಾತು. ಒಳಗಿನ ಮನಶ್ಯಾ ಅಲ್ಲ ಅಂವ, ಹೊರಗ ನಿಂತು ಕುತ್ತಿಗಿ ಉದ್ದ ಮಾಡಿ ಮಾಡಿ ನೋಡಿದವ. ನಾವು ಮಿಲಿಟರಿ ಕ್ಯಾಂಪಿನ ಗೋಡಿ ಆಚೀಕ ನಿಂತು ಪರೇಡ್ ಬ್ಯಾಂಡ್ ಕೇಳ್ಕೋತ ಬೆಳದವರು, ನಮಗ ಆ ಕುತ್ತಿಗಿ ನೋವು ತಿಳಿತೈತಿ.

ಈಗ ಪುಸ್ತಕ ಜೋಡಿಸೂದು. ಹೊಸಾವು ತಗೊಳ್ಳಾಕ ರೊಕ್ಕ ಇದ್ರ ತಗೋರಿ, ಖರೇ ಹಳೇವಕ್ಕ ಮಜಾ ಬ್ಯಾರೆ. ನಮ್ಮಲ್ಲಿ ಅನುಕೂಲ ಏನಂದ್ರ, ಮಿಲಿಟರಿ ಮಂದಿ ಪೋಸ್ಟಿಂಗ್ ಮ್ಯಾಲ ಊರು ಬಿಡೂ ಮುಂದ ಸಾಮಾನು ಹಗುರ ಮಾಡ್ಕೋತಾರ, ಆವಾಗ ಇಂಥಾ ದಪ್ಪ ಪೇಪರ್‌ಬ್ಯಾಕ್ ರದ್ದಿ ಅಂಗಡಿಗೆ ಬರ್ತಾವ, ಕೇಜಿ ಲೆಕ್ಕದಾಗ. ರದ್ದಿ ಅಂಗಡಿ ಕಾಕಾಗ ಹೇಳಿ ಇಟ್ಟಿರಬೇಕು, ಹೆಸರು ಹೇಳಿದ್ರ ಅವರಿಗೆ ನೆನಪು ಉಳಿಯಂಗಿಲ್ಲ, "ಇಟ್ಟಂಗಿಯಷ್ಟ ದಪ್ಪ, ಮ್ಯಾಲ ಹಡಗ ಇಲ್ಲಾ ವಿಮಾನ ಇಲ್ಲಾ ಬಾವುಟ" ಅಂತ ಹೇಳ್ರಿ, ಎತ್ತಿ ಇಡ್ತಾರ.

ಖರೀದಿ ಮಾಡೂ ಮುಂದ ಎರಡು ನೋಡ್ಕೋಬೇಕು. ಮೊದಲನೇದು, ಬರದವರು ಯಾರು. ಟಾಮ್ ಕ್ಲಾನ್ಸಿ ಅಂತ ಅರ್ಧಾ ಕವರ್ ತುಂಬ ಅಕ್ಷರ ಇದ್ದ ಮಾತ್ರಕ್ಕ ಅಂವನ ಬರದಿದ್ದು ಅಂತ ಅಲ್ಲ. ಹೆಸರಿನ ಬಾಲಕ್ಕ ಮ್ಯಾಲ ಒಂದು ಚುಕ್ಕಿ ಹಾಕಿ ಇಂಗ್ಲಿಷಿನ 'ಎಸ್' ಅಕ್ಷರ ಅಂಟಿಸಿದ್ರ, ಅಂದ್ರ 'ಟಾಮ್ ಕ್ಲಾನ್ಸಿಯ ಇಂಥಾದ್ದು' ಅಂತ ಇದ್ರ, ಕೆಳಗ ಸಣ್ಣ ಅಕ್ಷರದಾಗ ಇಲ್ಲಾ ಒಳಗಿನ ಪುಟದಾಗ ಇನ್ನೊಬ್ಬರ ಹೆಸರು ಹುಡುಕ್ರಿ. 'ಆಪ್-ಸೆಂಟರ್' ಅಂತ ಒಂದು ಮಾಲಿಕಿ ಐತಿ, ಫುಟ್‌ಪಾತ್ ಮ್ಯಾಲ ರಾಶಿ ಬೀಳತಿತ್ತು, ಅದರಾಗ ಭಾಳ ಪುಸ್ತಕ ಬರದವರು ಜೆಫ್ ರೋವಿನ್, ಕ್ಲಾನ್ಸಿ ಮತ್ತ ಸ್ಟೀವ್ ಪಚೆನಿಕ್ ಅದನ್ನ ಶುರು ಮಾಡಿದವರು ಅಷ್ಟ. ನಾನು ಕಾಲೇಜಿನ್ಯಾಗ ಇದ್ದಾಗ ಅದನ್ನ ನಾಕು ಓದಿ, ಇವರು ಯಾಕೋ ಮೊದಲಿನಂಗ ಬರಿಯಾಕತ್ತಿಲ್ಲಲ್ಲಾ ಅಂತ ಮನಸ್ಸಿಗೆ ಹಚ್ಚಿಕೊಂಡಿದ್ನಿ! ತೀರ್ಕೊಂಡ ಮ್ಯಾಲೂ ಪುಸ್ತಕ ಬರೂದು ನಿಂತಿಲ್ಲ, ಅಂವನ ಕಾದಂಬರಿಗಳ ನಾಯಕ ಜ್ಯಾಕ್ ರಾಯನ್ ಪಾತ್ರ ಇಟ್ಕೊಂಡು ಮಾರ್ಕ್ ಗ್ರೀನಿ ಬರದ್ರು, ಆಮ್ಯಾಗ ಮಾರ್ಕ್ ಕ್ಯಾಮರಾನ್ ಬರದ್ರು. ಕ್ಲಾನ್ಸಿ ಇದ್ದಾಗನ ಗ್ರೀನಿ ಕೂಡ ಕೂಡಿ ಬರದಿದ್ದ 'ಕಮಾಂಡ್ ಅಥಾರಿಟಿ' 2013ರ ಡಿಸೆಂಬರ್‌ನ್ಯಾಗ ಬಂತು, ಅಂವ ಹೋಗಿ ಎರಡು ತಿಂಗಳಿಗೆ. ಆ ಮುಂದಿನವರು ಬರದಿದ್ದು ಕೆಟ್ಟ ಅಂತ ನಾ ಹೇಳಂಗಿಲ್ಲ, ಗ್ರೀನಿ ಓಟ ಚಲೋ ಐತಿ, ಖರೇ ನೆನಪಿನ ದಿನ ತೀರಿದವರ ಸ್ವಂತ ಬರವಣಿಗಿನ ಓದಬೇಕು ಅನ್ನೂದು ನಮ್ಮ ಮನ್ಯಾಗಿನ ಒಂದ ಒಂದು ನಿಯಮ.

ಎರಡನೇದು, ಕೊನೀ ಪುಟ. ಹಳೇ ಪೇಪರ್‌ಬ್ಯಾಕ್ ಮೊದಲ ಹರಿಯೂದು ಹಿಂದಿನಿಂದ. 'ಎಕ್ಸಿಕ್ಯೂಟಿವ್ ಆರ್ಡರ್ಸ್' ಅಂಥಾದ್ದು ಪೇಪರ್‌ಬ್ಯಾಕಿನ್ಯಾಗ ಸಾವಿರ ಪುಟ ದಾಟತೈತಿ, ಅಷ್ಟು ಪುಟದ ಬೆನ್ನಿಗೆ ಬರೇ ಗೋಂದು ಹಚ್ಚಿರ್ತಾರ, ದಾರದ ಹೊಲಿಗಿ ಇರಂಗಿಲ್ಲ, ಬೆಳಗಾವಿ ಮಳಿಗಾಲ ಎರಡು ಕಂಡಿತಂದ್ರ ಗೋಂದು ಒಣಗಿ ಚಟಕ್ ಅಂತ ಮುರೀತೈತಿ. ಮುರದ್ರ ಅಳಬ್ಯಾಡ್ರಿ. ನಾವು ನಮ್ಮ 'ರೆಡ್ ಸ್ಟಾರ್ಮ್ ರೈಸಿಂಗ್' ಪ್ರತಿನ ಮುರದಲ್ಲೇ ನಾಕು ತುಂಡು ಮಾಡೇವಿ. ಒಂದೊಂದು ತುಂಡಿನ ಬೆನ್ನು ಸಮಾ ಕೂಡಿಸಿ ಎರಡು ಹಲಗಿ ನಡಕ ಬಿಗಿದು, ಬೆನ್ನಿಗೆ ಬ್ಲೇಡಿನಿಂದ ಅಲ್ಲಲ್ಲಿ ಸಣ್ಣಗ ಗೀರು ಹಾಕಿ, ಫೆವಿಕಾಲ್ ಬೆಟ್ಟಿಂದ ತೀಡಿ, ಹಳೇ ಕಾಟನ್ ಧೋತರದ ಎರಡು ಬೆಟ್ಟಿನ ಅಗಲದ ಪಟ್ಟಿ ಅಂಟಿಸಿ, ಮ್ಯಾಲ ಮತ್ತೊಂದು ಕೈ ಫೆವಿಕಾಲ್, ರಾತ್ರಿ ಪೂರಾ ಒಣಗಾಕ ಬಿಡೂದು, ಲಗೂ ತಗದ್ರ ಪುಟ ಅಲೆ ಅಲೆ ಆಗಿ ಉಬ್ಬತೈತಿ. ಗೀರು ಮರೀಬ್ಯಾಡ್ರಿ, ಗೀರಿನ್ಯಾಗ ಗೋಂದು ಇಳದ್ರನ ಹಿಡಿತ. ಈಗ ನಾಕು ಮಂದಿ ಒಮ್ಮೆಗೆ ಓದಬಹುದು, ಒಬ್ಬಂವ ಎರಡನೇ ತುಂಡಿನ್ಯಾಗ ಇದ್ದಾಗ ಇನ್ನೊಬ್ಬಂವ ಮೂರನೇದು ಹಿಡ್ಕೊಂಡು "ಲಗೂ ಮುಗಸೋ" ಅಂತ ಬೆನ್ನ ಹತ್ತಿರ್ತಾನ. ನಮ್ಮ ಪ್ರತ್ಯಾಗ ನಡಕಿನ ಹದಿನಾರು ಪುಟ ಇಲ್ಲ, ಬಂದಾಗಿಂದನೂ ಇಲ್ಲ, ಆ ಹದಿನಾರು ಪುಟದಾಗ ಏನಾಗಿರಬೇಕು ಅನ್ನೂದಕ್ಕ ನಮ್ಮ ಗುಂಪಿನ್ಯಾಗ ಮೂರು ಕಥಿ ಅದಾವ. ಪೂರ್ತಿ ಪ್ರತಿ ಸಿಕ್ಕ ಮ್ಯಾಲೂ ಒಬ್ಬರೂ ತಗದು ನೋಡಿಲ್ಲ.

ಯಾವ ಪುಟ ಓದೂದು? ಇಲ್ಲೇ ಭಾಳ ಮಂದಿ ಎಡವೂದು. ಎಲ್ಲಾರೂ ಕ್ಲೈಮ್ಯಾಕ್ಸ್ ತರ್ತಾರ, ಕ್ಲೈಮ್ಯಾಕ್ಸ್ ಹಿಂದಿನ ಆರುನೂರು ಪುಟ ಓದದವರಿಗೆ ಅದು ಬರೇ ಗದ್ದಲ. ಏನೂ ಗೊತ್ತಿಲ್ಲದವರಿಗೂ ಕಿವಿ ನೆಟ್ಟಗ ಆಗೂ ಜಾಗಾ ಆರಿಸ್ರಿ, ಯಾರೋ ಒಬ್ಬಂವ ತನ್ನ ಕೆಲಸ ಲಕ್ಷ್ಯ ಕೊಟ್ಟು ಮಾಡೂ ಜಾಗಾ. ರೆಡ್ ಅಕ್ಟೋಬರ್‌ನ್ಯಾಗ ಸೋನಾರ್, ಅಂದ್ರ ನೀರಾಗಿನ ಸಪ್ಪಳ ಹಿಡಿಯೂ ಯಂತ್ರ, ಅದರ ಮುಂದ ಕೂಡ್ರೂ ಅಮೆರಿಕಾದ ಹುಡುಗ ಜೋನ್ಸ್ ಇದಾನಲ್ಲ, ನೀರಾಗಿನ ಒಂದು ಸಪ್ಪಳ ಹಿಡಿತಾನ, ಕಂಪ್ಯೂಟರ್ ಇದು ಭೂಮಿ ಒಳಗಿನ ಸಪ್ಪಳ ಅಂತ ಹೇಳತೈತಿ, ಇವಂಗ ಸಮಾಧಾನ ಇಲ್ಲ, ಟೇಪ್ ಜೋರಾಗಿ ಓಡಿಸಿ ಕೇಳ್ತಾನ, ಆವಾಗ ಅದು ಯಂತ್ರ ಅಂತ ಗೊತ್ತಾಗತೈತಿ. ಮೂರು ಪುಟ ಓದಿದ್ರ ಸಾಕು. ಒಬ್ರು ಇಂಗ್ಲಿಷ್‌ನ್ಯಾಗ ನಿಧಾನಕ ಒಂದು ಪ್ಯಾರಾ ಓದೂದು, ಇನ್ನೊಬ್ರು ಅದನ್ನ ನಮ್ಮ ಮಾತಿನ್ಯಾಗ ಹೇಳೂದು. ಮರಾಠಿ ಮನಿಯವರು ಇದ್ರ ಅವರು ಮರಾಠಿಯಾಗ ಹೇಳ್ತಾರ, ಬೆಳಗಾವ್ಯಾಗ ಇದೇನ್ ಹೊಸಾದಲ್ಲ. ಸೋನಾರ್, ಟಾರ್ಪೆಡೊ, ಪೆರಿಸ್ಕೋಪ್ ಹಂಗ ಇರಲಿ, ಅದಕ್ಕ ಅಚ್ಚಗನ್ನಡ ಹುಡುಕ್ಕೋತ ಕುಂತ್ರ ಸಬ್‌ಮರೀನ್ ಅಟ್ಲಾಂಟಿಕ್ ದಾಟಿ ಹೋಗಿರತೈತಿ.

ಈ ಸಪ್ಪಳದ್ದು ಮಾಡಿ ತೋರಿಸ್ರಿ, ಹುಡುಗೂರು ಹುಚ್ಚಾಗ್ತಾರ. ಮನ್ಯಾಗ ಹೊಲಿಗಿ ಮಷೀನ್ ಇದ್ರ ಅದರ ಸಪ್ಪಳ ಮೊಬೈಲಿನ್ಯಾಗ ಇಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡ್ರಿ, ಇಲ್ಲಂದ್ರ ಹಿಟ್ಟಿನ ಗಿರಣಿ ಬಾಗಲದಾಗ ನಿಂತು ಮಾಡ್ರಿ. ಕಂಪ್ಯೂಟರಿನ್ಯಾಗ ಆಡಾಸಿಟಿ ಅನ್ನೂ ಪುಕಟ ಸಾಫ್ಟ್‌ವೇರ್ ಹಾಕಿ, ಸ್ಪೀಡ್ ಕಡಿಮಿ ಮಾಡ್ರಿ. ಲಕ್ಷ್ಯ ಇರಲಿ, ಅದರಾಗ ಟೆಂಪೋ ಅಂತ ಇನ್ನೊಂದು ಇರತೈತಿ, ಟೆಂಪೋ ಬದಲಿ ಮಾಡಿದ್ರ ಸಪ್ಪಳ ನಿಧಾನ ಆಗತೈತಿ ಖರೇ ಸ್ವರ ಇಳಿಯಂಗಿಲ್ಲ, ಮೊಬೈಲ್ ಪ್ಲೇಯರಿನ ಅರ್ಧಾ ಸ್ಪೀಡ್ ಬಟನ್ನೂ ಸಾಮಾನ್ಯಾಗಿ ಹಿಂಗ. ನಮಗ ಸ್ವರನೂ ಇಳೀಬೇಕು, ಅದಕ್ಕ ಸ್ಪೀಡ್ ಅಂತ ಇರೂದನ್ನ ಒತ್ತಬೇಕು. ಎಷ್ಟು ಇಳಸೂದು? ನಾವು ಮೊದಲನೇ ಸಲ ಹತ್ತು ಪಟ್ಟು ಇಳಿಸಿ ಮೊಬೈಲ್ ಹಚ್ಚಿ ಕುಂತ್ವಿ, ಏನೂ ಕೇಳಸವಲ್ದು, ಕೆಟ್ಟತೇನೋ ಅಂತ ಎಲ್ಲಾರೂ ಮೊಬೈಲ್ ಬಡದ ಬಡದ್ವಿ. ಆಮ್ಯಾಗ ತಿಳೀತು, ಅಷ್ಟು ಇಳಿದ ದಪ್ಪ ಸ್ವರ ಮೊಬೈಲಿನ ಸಣ್ಣ ಸ್ಪೀಕರಿಗೆ ಎತ್ತೂ ತಾಕತ್ತ ಇಲ್ಲ. ನಾಕು ಪಟ್ಟು ಇಳಸ್ರಿ, ಬ್ಲೂಟೂತ್ ಸ್ಪೀಕರ್ ಇಲ್ಲಾ ಹಳೇ ಹೋಮ್ ಥಿಯೇಟರ್ ಹಚ್ಚರಿ. ಗುಡುಗಿನಂಗ, ದೂರ ಎಲ್ಲೋ ಕಲ್ಲು ಉಳ್ಳಿದಂಗ ಕೇಳತೈತಿ. ದೀಪ ಆರಿಸಿ ಹಚ್ಚಿ, ಏನಿದು ಹೇಳ್ರಿ ಅಂತ ಕೇಳ್ರಿ. ಹೋದ ಸಲ ಬಂದ ಉತ್ತರ: ಗುಡಗು, ಗೂಡ್ಸ್ ಗಾಡಿ, ಬೋರ್‌ವೆಲ್, ಒಬ್ಬಂವ ಮಾವನ ಗೊರಕಿ ಅಂದ. ಆಮ್ಯಾಗ ನಾಕು ಪಟ್ಟು ಜೋರ ಮಾಡಿ ಹಚ್ಚಿದ್ವಿ, ಟಕಟಕಟಕಟಕ ಅಂತ ಬಂತು ನೋಡ್ರಿ, ಒಳಗ ಅಡಗಿ ಮನ್ಯಾಗಿದ್ದ ನಮ್ಮ ವೈನಿ ಹೊರಗ ಬಂದು "ನನ್ನ ಮಷೀನ್ ಯಾರು ಮುಟ್ಟಿದ್ರಿ?" ಅಂದ್ರು. ಜೋನ್ಸ್‌ಗೂ ಅಷ್ಟ ಲಗೂ ತಿಳಿದಿರಲಿಕ್ಕಿಲ್ಲ.

ಸಬ್‌ಮರೀನ್ ಹೆಂಗ ಅಡಗತೈತಿ ಅಂತ ಯಾರರ ಕೇಳಿದ್ರ ಬೋರ್ಡ್ ಚಾಕ್‌ಪೀಸ್ ತರಬ್ಯಾಡ್ರಿ. ಬಾವ್ಯಾಗ ಈಸಿದವರು ಯಾರದೀರಿ ಅಂತ ಕೇಳ್ರಿ. ಎದಿ ಮಟ ನೀರು ಬೆಚ್ಚಗ, ಕಾಲು ಕೆಳಗ ಬಿಟ್ಟ ಕೂಡಲೇ ಥಂಡಿ ಹೊಡಿತೈತಿ, ನಡುವ ಒಂದು ಗಡಿ ಇದ್ದಂಗ. ಸಮುದ್ರದಾಗೂ ಹಂಗ ಪದರ ಅದಾವ, ಬೆಚ್ಚನ ನೀರಾಗ ಸಪ್ಪಳ ಜೋರ ಓಡತೈತಿ, ಥಂಡಿ ನೀರಾಗ ನಿಧಾನ, ಹಿಂಗಾಗಿ ಗಡಿ ದಾಟೂ ಮುಂದ ಸಪ್ಪಳ ಬಾಗತೈತಿ, ಮ್ಯಾಲಿನ ಹಡಗಿನ ಸೋನಾರಿಗೆ ಗಡಿ ಕೆಳಗ ಇದ್ದದ್ದು ನೆಟ್ಟಗ ಕೇಳಂಗಿಲ್ಲ. ಒಟ್ಟಾರೆ ನೀರಾಗ ಸಪ್ಪಳ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳ್ಯಾಗ ಸುಮಾರು 340. ಇಷ್ಟು ಹೇಳಿ ಬಿಟ್ಟುಬಿಡ್ರಿ, ಮುಂದ ಓದಿನ್ಯಾಗ ಬರತೈತಿ.

ರೆಡ್ ಅಕ್ಟೋಬರ್ ಕಥಿ ಬೇರು ಎಲ್ಲಿ ಅಂತ ಕೇಳೂ ಮಂದಿ ಇರ್ತಾರ. 1975ರಾಗ ಸ್ಟೊರೊಝೆವೊಯ್ ಅನ್ನೂ ಸೋವಿಯತ್ ಯುದ್ಧ ಹಡಗಿನ್ಯಾಗ ದಂಗೆ ಆಗಿತ್ತು, ಸಾಬ್ಲಿನ್ ಅನ್ನೂ ಅಧಿಕಾರಿ ಕ್ಯಾಪ್ಟನ್ನನ್ನ ಕೂಡಿ ಹಾಕಿ ರೀಗಾದಿಂದ ಹಡಗ ಹೊಂಡಿಸಿದ. ಪಶ್ಚಿಮದವರು ಅಂವ ಸ್ವೀಡನ್‌ಗೆ ಓಡಿ ಹೊಂಟಿದ್ದ ಅಂದ್ಕೊಂಡ್ರು, ಕ್ಲಾನ್ಸಿಗೆ ಕಥಿ ಹೊಳದಿದ್ದು ಆ ಸುದ್ದಿಯಿಂದ. ಖರೇ ಸಾಬ್ಲಿನ್‌ಗೆ ಓಡಿ ಹೋಗೂದು ಇರಲಿಲ್ಲ, ಲೆನಿನ್‌ಗ್ರಾಡಿಗೆ ಹೋಗಿ ಮಂದಿಗೆ ಸರ್ಕಾರದ ವಿರುದ್ಧ ರೇಡಿಯೊದಾಗ ಮಾತಾಡೂದಿತ್ತು. 1976ರಾಗ ಅಂವಗ ಗುಂಡು ಹೊಡದ್ರು. ಸಬ್‌ಮರೀನ್ ತಗೊಂಡು ಅಮೆರಿಕಾಕ್ಕ ಓಡಿ ಬರೂ ಕಾದಂಬರಿಯ ಸೋವಿಯತ್ ಕ್ಯಾಪ್ಟನ್ ದಂಡಿ ಮುಟ್ಟಿದ, ಖರೇ ಮನಶ್ಯಾ ಮುಟ್ಟಲಿಲ್ಲ. ಇದನ್ನ ಓದಿನ ಮೊದಲ ಹೇಳಬ್ಯಾಡ್ರಿ, ಓದು ಮುಗಿದ ಮ್ಯಾಲ ಚಾ ಕುಡಿಯೂ ಮುಂದ ಹೇಳ್ರಿ.

ಎರಡನೇ ಓದು ನೆಲದ ಮ್ಯಾಲ. 1986ರಾಗ ಬಂದ 'ರೆಡ್ ಸ್ಟಾರ್ಮ್ ರೈಸಿಂಗ್' ಲ್ಯಾರಿ ಬಾಂಡ್ ಕೂಡ ಕೂಡಿ ಬರದಿದ್ದು. ಬಾಂಡ್ ನೌಕಾಪಡ್ಯಾಗ ಇದ್ದವರು, ಹಾರ್ಪೂನ್ ಅನ್ನೂ ಯುದ್ಧದ ಆಟ ಮಾಡಿದವರು, ಕಾದಂಬರ್ಯಾಗ ವಿಮಾನವಾಹಕ ಹಡಗಿನ ಮ್ಯಾಲ ಸೋವಿಯತ್ ಬಾಂಬರ್‌ಗಳು ಬೀಳೂ ಅಧ್ಯಾಯ ಐತಲ್ಲ, ಅದನ್ನ ಆ ಆಟ ಆಡಿ ನೋಡಿ ಬರದಾರ. ನಾವೂ ಆಡ್ತೀವಿ. ಪಡಸಾಲ್ಯಾಗ ರಂಗೋಲಿಯಿಂದ ಐಸ್‌ಲ್ಯಾಂಡ್ ಬರದು, ಶೇಂಗಾ ಅಂದ್ರ ಹಡಗ, ಪುಠಾಣಿ ಅಂದ್ರ ಕ್ಷಿಪಣಿ, ಬೆಲ್ಲದ ತುಣುಕು ಅಂದ್ರ ವಿಮಾನವಾಹಕ. ಒಬ್ಬಂವ ಒಂದು ಕಡೆಯಿಂದ ಹುಸಿ ಪುಠಾಣಿ ಬಿಡ್ತಾನ, ಬೆಲ್ಲ ಕಾಯೂ ವಿಮಾನ ಎಲ್ಲಾ ಆ ಕಡೆ ಓಡ್ತಾವ, ಆವಾಗ ಇನ್ನೊಂದು ಕಡೆಯಿಂದ ಖರೇ ಪುಠಾಣಿ. ಒಂದೊಂದು ಪ್ಯಾರಾ ಓದಿ ಒಂದೊಂದು ನಡೆ. ಹಿಂಗ ಮಾಡಿದ್ರ ನಕ್ಷಾ ಇಲ್ಲದ ಓದಿ ತಲಿ ತಿರುಗಿದವರಿಗೂ ಯಾಕ ಹಂಗ ಮೋಸ ಹೋದ್ರು ಅಂತ ಕಣ್ಣಿಗೆ ಕಾಣತೈತಿ. ಬೆಲ್ಲಕ್ಕ ಇರಬಿ ಬರ್ತಾವ, ಲಗೂ ಯುದ್ಧ ಮುಗಿಸಿ ತಿಂದುಬಿಡ್ರಿ.

ಈಗ ನನಗ ಎಲ್ಲಕ್ಕಿಂತ ಮುಖ್ಯ ಅನಸೂದು. ಬೆಳಗಾವ್ಯಾಗ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ಐತಿ, ಸಾಂಬ್ರಾದಾಗ ಏರ್‌ಫೋರ್ಸ್ ತರಬೇತಿ ಐತಿ, ಸುತ್ತಲಿನ ಹಳ್ಳಿಯೊಳಗ ಫೌಜಿ ಇಲ್ಲದ ಓಣಿ ಹುಡುಕಬೇಕು. ಒಬ್ರರ ನಿವೃತ್ತ ಫೌಜಿನ ಕರೀರಿ. ಅತಿಥಿ ಅಂತ ಅಲ್ಲ, ಬಾಜೂ ಮನಿ ಕಾಕಾ ಬಂದಂಗ ಬರಲಿ, ಎಲ್ಲಾರ ಕೂಡ ಚಾಪಿ ಮ್ಯಾಲ, ಮಣಕಾಲ ನೋವಿದ್ರ ಖುರ್ಚಿ. ಅವರಿಗೆ ಇಂಗ್ಲಿಷ್ ಬರಬೇಕಂತಿಲ್ಲ. ನಮ್ಮಲ್ಲಿ ಬರೂ ಸುಭೇದಾರ್ ಕಾಕಾ ಒಂದು ಪುಟ ಓದಿಲ್ಲ ಕ್ಲಾನ್ಸಿದು, ಎರಡು ತಾಸು ಕಣ್ಣು ಮುಚ್ಚಿ ಕೇಳಿ ಕೊನಿಗೆ, "ಎಲ್ಲಾ ಬರೋಬ್ಬರಿ ಐತಿ ತಮ್ಮಾ, ಖರೇ ಇವರು ಕಾಯೂದು ಕಡಿಮಿ ಆತು. ಫೌಜಿನ್ಯಾಗ ಕಾಯೂದ ಭಾಳ" ಅಂದ್ರು. ನಾನು ಅವತ್ತಿಂದ ಆ ಪುಸ್ತಕ ತಗದಾಗೊಮ್ಮೆ ಯಾರು ಎಲ್ಲಿ ಕಾಯಾಕತ್ತಾರ ಅಂತ ನೋಡ್ತೀನಿ.

ಅವರನ್ನ ಏನು ಕೇಳಬಾರದು ಅಂತ ಹುಡುಗೂರಿಗೆ ಮೊದಲ ಹೇಳಿ ಇಡ್ರಿ. ಎಷ್ಟ ಮಂದೀನ ಹೊಡದ್ರಿ ಅಂತ ಕೇಳೂದು, ಅದು ಬ್ಯಾಡ. ಯಾವ ಗಡ್ಯಾಗ ಯಾವ ಪೋಸ್ಟ್ ಎಲ್ಲಿತ್ತು, ಎಷ್ಟ ಮಂದಿ ಇದ್ರಿ, ಅದೂ ಬ್ಯಾಡ, ಅವರೂ ಹೇಳಂಗಿಲ್ಲ. ಮೇಲಿನ ಪೋಸ್ಟಿಗೆ ರೇಶನ್ ಹೆಂಗ ಬರತಿತ್ತು, ಥಂಡ್ಯಾಗ ಚಾ ಎಷ್ಟೊತ್ತಿಗೆ ಆರತಿತ್ತು, ಪತ್ರ ಬರಾಕ ಎಷ್ಟು ದಿನ, ಇಂಥಾದ್ದು ಕೇಳ್ರಿ, ಬಾಯಿ ತಾನ ಬಿಚ್ಚತೈತಿ. ಸಬ್‌ಮರೀನ್ ಕಥಿ ಓದೂ ರಾತ್ರಿ ನಾವು ಒಮ್ಮೆ ನಮ್ಮ ನೌಕಾಪಡೆಯ ಖುಕ್ರಿ ಹಡಗಿನ ಹೆಸರು ತಗದ್ವಿ. 1971 ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಹೊಡದ ಟಾರ್ಪೆಡೊಕ್ಕ ಐಎನ್‌ಎಸ್ ಖುಕ್ರಿ ಮುಳುಗಿತು, 18 ಅಧಿಕಾರಿಗಳು, 176 ನಾವಿಕರು ತೀರ್ಕೊಂಡ್ರು, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗ ಬಿಟ್ಟು ಬರಲಿಲ್ಲ. ಕಾಕಾ ಟೊಪಿಗಿ ತಗದ್ರು. ಐದು ನಿಮಿಷದ ಹಿಂದ ಪುಠಾಣಿ ಹೊಡದು ಕೇಕೆ ಹಾಕಿದ ಹುಡುಗೂರೆಲ್ಲಾ ಸುಮ್ನಾದ್ರು. ಅದಕ್ಕ ನಾವು ಪುಠಾಣಿ ಆಟ ಮೊದಲ, ಇದು ಆಮ್ಯಾಗ ಇಡ್ತೀವಿ, ತಿರುಗಿಸಿ ಇಟ್ರ ಆಟ ಆಡಾಕ ಯಾರಿಗೂ ಮನಸ್ಸು ಬರಂಗಿಲ್ಲ.

ಸಣ್ಣ ಸಣ್ಣ ಜೋಪಾನ ಇನ್ನೊಂದಿಷ್ಟು. ಫೌಜಿ ಬಣ್ಣದ ಡ್ರೆಸ್ ಹಾಕ್ಕೊಂಡು ಬರಬ್ಯಾಡ್ರಿ ಅಂತ ಹೇಳ್ರಿ, ಅಭಿಮಾನ ಅದರಾಗ ಕಾಣೂದಿಲ್ಲ, ಕ್ಯಾಂಪಿನ್ಯಾಗ ಹಂಗ ತಿರಗಿದ್ರ ಪೊಲೀಸರಿಗೆ ಉತ್ತರ ಹೇಳೂದು ನೀವ. ಮಿಲಿಟರಿ ಜಾಗಾದ ಮುಂದ ನಿಂತು ಪುಸ್ತಕ ಹಿಡದು ಸೆಲ್ಫಿ, ರೀಲ್ಸ್, ಡ್ರೋನ್, ಯಾವುದೂ ಬ್ಯಾಡ. ಫೋಟೊ ಬೇಕಂದ್ರ ಮಿಲಿಟರಿ ಮಹಾದೇವ ಗುಡಿಗೆ ಹೋಗಿ ಕೈ ಮುಗದು ಬರ್ರಿ, ಅಲ್ಲೂ ಬೋರ್ಡ್ ಓದಿ ಮೊಬೈಲ್ ತಗೀರಿ. ಪಟಾಕಿ ಬ್ಯಾಡ, ಗುಂಡಿನ ಸಪ್ಪಳದ ರಿಂಗ್‌ಟೋನ್ ಬ್ಯಾಡ.

ಜಗಳ ಆಗತೈತಿ, ಆಗಲಿ. ಹೆಂಗಸರ ಪಾತ್ರ ಇವರು ನೆಟ್ಟಗ ಬರದಿಲ್ಲ ಅಂತ ನಮ್ಮ ತಂಗಿ ಪ್ರತಿ ವರ್ಷ ಹೇಳ್ತಾಳ, ಅಕಿ ಮಾತು ಬರೋಬ್ಬರಿ ಐತಿ. ಅಮೆರಿಕಾದವರು ಮಾಡಿದ್ದೆಲ್ಲಾ ಚಲೋ ಅನ್ನೂ ಧಾಟಿ ಐತಿ, 2000ದ ಮುಂದಿನ ಪುಸ್ತಕದಾಗ ಉಪದೇಶ ಜಾಸ್ತಿ ಆತು, ಇದನ್ನ ಮುಚ್ಚಿಡಬ್ಯಾಡ್ರಿ. ಒಂದು ಮಾತು ಮಾತ್ರ ನಾನು ನಡೂವ ಬಾಯಿ ಹಾಕಿ ನಿಲ್ಲಸ್ತೀನಿ. 1994ರ 'ಡೆಟ್ ಆಫ್ ಆನರ್'ದಾಗ ಒಬ್ಬ ಪೈಲಟ್ ಜಂಬೋ ವಿಮಾನ ತಂದು ಅಮೆರಿಕಾದ ಸಂಸತ್ ಭವನಕ್ಕ ಹೊಡಿತಾನ, ಏಳು ವರ್ಷಕ್ಕ ನ್ಯೂಯಾರ್ಕಿನ್ಯಾಗ ಆದದ್ದು ಆತು, ಅದಕ್ಕ ಇವರಿಗೆ ಮೊದಲ ಗೊತ್ತಿತ್ತು ಅಂತ ಯಾರರ ಒಬ್ರು ಶುರು ಮಾಡ್ತಾರ. ಕಾಲಜ್ಞಾನ ಬರಿಯಾಕ ಅಂವ ಕುಂತಿರಲಿಲ್ಲ. ಲೆಕ್ಕ ಹಾಕಿ ಹೆದರಿದವ ಅಷ್ಟ. 'ದಿ ಸಮ್ ಆಫ್ ಆಲ್ ಫಿಯರ್ಸ್'ದಾಗ ಅಣುಬಾಂಬ್ ಮಾಡೂ ಭಾಗದಾಗ ಬೇಕಂತನ ಒಂದಿಷ್ಟು ವಿವರ ತಿರುಚೇನಿ ಅಂತ ಕೊನಿಗೆ ತಾವ ಬರದಾರ, ಯಾರರ ಓದಿ ಮಾಡಿಗೀಡ್ಯಾರು ಅಂತ. ಭವಿಷ್ಯ ಹೇಳೂದಕ್ಕಿಂತ ನನಗ ಈ ಜೋಪಾನ ದೊಡ್ಡದು ಅನಸತೈತಿ.

ತಿನ್ನಾಕ ಚುರುಮುರಿ, ಮಿರ್ಚಿ, ಚಾ, ಕೊನಿಗೆ ಒಂದೊಂದು ಚಮಚ ಕುಂದಾ. ಕುಂದಾ ತಿಂದ ಕೈಲೆ ಪುಸ್ತಕ ಮುಟ್ಟಬ್ಯಾಡ್ರಿ ಅಂತ ಗೋಡಿಗೆ ಚೀಟಿ ಅಂಟಿಸೇವಿ, ಆದ್ರೂ ನಮ್ಮ ರೆಡ್ ಅಕ್ಟೋಬರ್ ಮೂರನೇ ಅಧ್ಯಾಯ ತುಪ್ಪದಿಂದ ಪಾರದರ್ಶಕ ಆಗೇತಿ, ಬೆಳಕಿಗೆ ಹಿಡದ್ರ ಹಿಂದಿನ ಪುಟನೂ ಓದಬಹುದು.

ಎಲ್ಲಾರೂ ಎದ್ದು ಹೋಗೂ ಮೊದಲ ಓದಿದ ಪುಸ್ತಕದ ಒಳಕವರಿಗೆ ಪೆನ್ಸಿಲ್‌ನಿಂದ ಬರೀರಿ, ತಾರೀಖು, ಯಾರು ಓದಿದ್ರು, ಯಾವ ಪುಟದಿಂದ ಯಾವ ಪುಟ. ಪೆನ್ ಬ್ಯಾಡ, ಆ ಕಾಗದಕ್ಕ ಮಸಿ ಒಡೀತೈತಿ. ಓದದವರೂ ಬರೀಬಹುದು. ಹೋದ ವರ್ಷದ್ದರಾಗ ಕೊನೀ ಸಾಲು ಸುಭೇದಾರ್ ಕಾಕಾಂದು, ಹಳೇ ಮರಾಠಿ ಮೋಡಿ ಅಕ್ಷರದಂಗ ಒತ್ತಿ ಬರದಾರ: ಕೇಳಿದ್ದು, ಪೂರಾ. ಅದರ ಕೆಳಗ ನಮ್ಮ ಅಕ್ಕನ ಮಗ, 1ರಿಂದ 40, ಮನಿಗೆ ಒಯ್ದೇನಿ. ಇನ್ನೂ ತಂದು ಕೊಟ್ಟಿಲ್ಲ.